ಮುನ್ನೂರ ಇಪ್ಪತ್ತು ಸುತ್ತು

"ಇನ್ನೂರ ನಲವತ್ತು, ಇನ್ನೂರ ನಲವತ್ತೊಂದು..."

ಒಳಕೋಣೆಯಲ್ಲಿ ಅಮ್ಮ ಮಿಷಿನ್ನಿನ ಹಿಡಿ ತಿರುಗಿಸುತ್ತಿದ್ದಳು. ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಉರುಳೆಯಿಂದ ಬಿಚ್ಚಿಕೊಂಡು ಬಂದು ಮರದ ಅಚ್ಚಿಗೆ ಸುತ್ತಿಕೊಳ್ಳುತ್ತಿತ್ತು. ಅಮ್ಮನ ತುಟಿ ಮಾತ್ರ ಅಲುಗುತ್ತಿತ್ತು. ಪಕ್ಕದಲ್ಲಿ ಅಂಗಿಯ ಎರಡು ಗುಂಡಿಗಳಿದ್ದವು. ನೂರು ಸುತ್ತಿಗೆ ಒಂದು ಗುಂಡಿ.

ಹೊಸ್ತಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ಮಗಳಿಗೆ ಮನೆಯ ರೂಲ್ಸು ಮರೆತೇ ಹೋಯಿತು.

"ಏಳಾರ್ಲ ನಲವತ್ತೆರಡು, ಏಳೇಳ್ಲ ನಲವತ್ತೊಂಬತ್ತು!"

"ಇನ್ನೂರ ನಲವತ್ತೆರಡು, ಇನ್ನೂರ ನಲವತ್ತೊಂಬತ್ತು, ಇನ್ನೂರ ಐವತ್ತು..."

ಹಿಡಿ ನಿಂತಿತು. ಅಮ್ಮ ನಿಧಾನವಾಗಿ ತಿರುಗಿ ನೋಡಿದಳು.

"ಪಿನ್ನೀ!"

"ಸಾರಿ ಅಮ್ಮ, ಸಾರಿ ಸಾರಿ ಸಾರಿ." ಪಿನ್ನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪಿನ್ನಿ ಎಂದರೆ ಗುಂಡುಪಿನ್ನು. ಕಡ್ಡಿಯಂಥ ಮೈ, ಅದರ ಮೇಲೆ ದುಂಡನೆಯ ತಲೆ. ಹೆಸರಿಟ್ಟದ್ದು ಅಪ್ಪ. ಮೊದಲು ಪಿನ್ನಿಗೆ ಅಳು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

ಮನೆಯ ರೂಲ್ಸು ಹೀಗಿತ್ತು: ಅಮ್ಮನ ಕೈ ಮಿಷಿನ್ನಿನ ಹಿಡಿಯ ಮೇಲಿರುವಾಗ ಯಾರೂ ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳಬಾರದು. ಫೋನ್ ನಂಬರ್ ಹೇಳಬೇಕಾದರೆ ಅಪ್ಪ ಬೀದಿಗೆ ಇಳಿದು ಹೇಳಿ ಬರುತ್ತಿದ್ದ. ಟೈಮ್ ಎಷ್ಟು ಎಂದು ಯಾರಾದರೂ ಕೇಳಿದರೆ ಗೋಡೆ ಗಡಿಯಾರದ ಕಡೆ ಬೆರಳು ತೋರಿಸಬೇಕು, ಅಷ್ಟೇ. ಏಕೆಂದರೆ ಫ್ಯಾನಿನೊಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲಿಗೆ, ಸರಿಯಾಗಿ ಮುನ್ನೂರ ಇಪ್ಪತ್ತು ಸುತ್ತು ಬೀಳಬೇಕು. ಕಡಿಮೆಯಾದರೆ ಕಾಯಿಲ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಹೆಚ್ಚಾದರೆ ಫ್ಯಾನ್ ತೂಕಡಿಸುತ್ತದೆ. ಒಂದು ಫ್ಯಾನಿಗೆ ಇಂಥ ಹನ್ನೆರಡು ಕಾಯಿಲು.

ಮಿಷಿನ್ನಿನ ಬದಿಯಲ್ಲಿ ಸುತ್ತು ಎಣಿಸುವ ಮೀಟರೊಂದು ಇತ್ತು, ಇಲ್ಲವೆಂದಲ್ಲ. ಪಿನ್ನಿ ಒಂದನೇ ಕ್ಲಾಸಿನಲ್ಲಿದ್ದಾಗ ಅದು ಎಂಬತ್ತೇಳಕ್ಕೆ ಬಂದು ನಿಂತಿತ್ತು. ಪಿನ್ನಿ ಐದನೇ ಕ್ಲಾಸಿಗೆ ಬಂದರೂ ಅದು ಎಂಬತ್ತೇಳರಲ್ಲೇ ಇತ್ತು.

"ಮೀಟರ್ ಯಾಕೆ? ನಿಮ್ಮಮ್ಮನ ತಲೇನೇ ಮೀಟರು. ಅದಕ್ಕೆ ರಿಪೇರಿನೇ ಬೇಡ," ಎಂದು ಅಪ್ಪ ನಗುತ್ತಿದ್ದ.

ಅಮ್ಮ ತಂತಿಯನ್ನು ಬಿಚ್ಚತೊಡಗಿದಳು. ಬೈಯಲಿಲ್ಲ. ಅಮ್ಮ ಬೈಯುವುದೂ ಕಡಿಮೆ, ನಗುವುದೂ ಕಡಿಮೆ. ಅವಳಿಗೆ ಮಾತೇ ಕಡಿಮೆ ಎಂದು ಪಿನ್ನಿ ತಿಳಿದುಕೊಂಡಿದ್ದಳು. ಕೆಲವರಿಗೆ ಎತ್ತರ ಕಡಿಮೆ ಇರುತ್ತದಲ್ಲ, ಹಾಗೆ.

ಪಿನ್ನಿ ಪುಸ್ತಕ ಎತ್ತಿಕೊಂಡು, ಪರದೆ ಸರಿಸಿ, ಮುಂದಿನ ಅಂಗಡಿಗೆ ಬಂದಳು.

ಅಪ್ಪನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡ ಟೇಬಲ್ ಫ್ಯಾನು, ಗೋಡೆಗೆ ಒರಗಿಸಿದ ರೆಕ್ಕೆಗಳು, ಹಳೇ ಬಿಸ್ಕತ್ತು ಡಬ್ಬಿಯ ತುಂಬ ಸ್ಕ್ರೂ. ಸ್ಟೂಲಿನ ಮೇಲೆ ಹಿಟ್ಟಿನ ಗಿರಣಿ ಮಾವ ಕೂತಿದ್ದರು. ಅವರ ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು ಇರುತ್ತದೆ.

"ಮೇಸ್ತ್ರೀ, ನಿಮ್ಮ ಕೈ ಅಂದ್ರೆ ಕೈ," ಎನ್ನುತ್ತಿದ್ದರು ಮಾವ. "ಹೋದ ವರ್ಷ ನಮ್ಮ ಗಿರಣಿ ಮೋಟಾರಿಗೆ ಸುತ್ತಿಕೊಟ್ರಲ್ಲ ಕಾಯಿಲು, ಇವತ್ತಿಗೂ ಕಲ್ಲಿನ ಹಾಗಿದೆ ನೋಡಿ. ನಾನು ಎಲ್ರಿಗೂ ಹೇಳ್ತೀನಿ, ವೈಂಡಿಂಗ್ ಅಂದ್ರೆ ನಮ್ಮ ಮೇಸ್ತ್ರಿದೇ ಅಂತ."

"ಅಯ್ಯೋ, ಏನೋ ಹೊಟ್ಟೆಪಾಡು," ಎಂದ ಅಪ್ಪ. ಮುಖವೆಲ್ಲ ನಗು.

ಪರದೆಯ ಹಿಂದೆ ಹಿಡಿಯ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ಪಿನ್ನಿ ಬ್ಯಾಗಿನಿಂದ ಫಾರಂ ತೆಗೆದಳು. "ಅಪ್ಪಾ, ಇದನ್ನ ನಾಳೆ ಮಿಸ್‌ಗೆ ಕೊಡ್ಬೇಕು. ತಂದೆಯ ಉದ್ಯೋಗ, ಫ್ಯಾನ್ ಮೋಟಾರ್ ರಿಪೇರಿ ಅಂತ ಬರ್ದೆ. ತಾಯಿಯ ಉದ್ಯೋಗ ಏನು ಬರೀಲಿ?"

ಅಪ್ಪ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ. "ಮನೇಲಿರ್ತಾರೆ ಅಂತ ಬರಿ. ಎಲ್ರೂ ಹಾಗೇ ಬರ್ಯೋದು."

ಪಿನ್ನಿ ಬರೆದಳು. ಅಕ್ಷರ ಚೆನ್ನಾಗಿಯೇ ಬಂತು.

*

ಫಾರಂ ನೋಡಿದ ಮಿಸ್‌ಗೆ ಖುಷಿಯೋ ಖುಷಿ.

"ಶುಕ್ರವಾರ ನಿಮ್ಮಪ್ಪನ್ನ ಕ್ಲಾಸಿಗೆ ಕರ್ಕೊಂಡು ಬಾ ಪಿನ್ನಿ. ಫ್ಯಾನ್ ರಿಪೇರಿ ಹೇಗೆ ಮಾಡ್ತಾರೆ ಅಂತ ಎಲ್ರೂ ನೋಡೋಣ. ಹೇಗೂ ನಮ್ಮ ಫ್ಯಾನ್ ಕೆಟ್ಟು ಕೂತಿದೆ."

ಎಲ್ಲರೂ ತಲೆ ಎತ್ತಿ ನೋಡಿದರು. ಕ್ಲಾಸಿನ ಫ್ಯಾನು ಒಂದು ವಾರದಿಂದ ಅಲುಗಿರಲಿಲ್ಲ. ಅದರ ಕೆಳಗೇ ಕೂರುವ ಹುಡುಗ ಗಿರಣಿ ಮಾವನ ಮಗ. ಅವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಆಫ್ ಮಾಡುವ ಬಟನ್ ಇಲ್ಲದ ರೇಡಿಯೊ.

"ಮಿಸ್, ಪಿನ್ನಿ ಅಪ್ಪ ಸೂಪರ್ ಮಿಸ್! ನಮ್ಮ ಗಿರಣಿ ಮೋಟಾರ್ ಅವರೇ ಸುತ್ತಿದ್ದು ಮಿಸ್! ನಮ್ಮಪ್ಪ ಹೇಳ್ತಾರೆ ಮಿಸ್..."

"ಸಾಕು ಕೂತ್ಕೊಳ್ಳೋ."

ಪಿನ್ನಿಗೆ ಹೆಮ್ಮೆಯಿಂದ ಕಿವಿ ಬೆಚ್ಚಗಾಯಿತು. ಸುತ್ತಿದ್ದು ಅಪ್ಪ ಅಲ್ಲ ಎನ್ನುವುದು ಅವಳ ತಲೆಗೆ ಬಂತು. ಆದರೆ ಅದನ್ನು ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಹೇಳದಿದ್ದರೆ ಏನಾಯಿತು, ಅಪ್ಪನಾದರೇನು ಅಮ್ಮನಾದರೇನು, ಅಂಗಡಿ ಒಂದೇ ಅಲ್ಲವೇ?

ಗುರುವಾರ ಸಂಜೆ ಅಪ್ಪ ಕನ್ನಡಿಯ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದ. "ಮಕ್ಕಳೇ! ಫ್ಯಾನ್ ಗುಂಯ್ ಅಂತ ಸದ್ದು ಮಾಡ್ತಿದೆ, ಆದ್ರೆ ತಿರುಗ್ತಿಲ್ಲ ಅಂದ್ರೆ ಏನು? ಕೆಪಾಸಿಟರ್ ಹೋಗಿದೆ! ಸುಟ್ಟ ವಾಸನೆ ಬಂತು ಅಂದ್ರೆ ಏನು? ಒಳಗಿನ ಕಾಯಿಲ್ ಹೋಗಿದೆ!"

ಅಮ್ಮ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. "ರೀ, ಕಾಯಿಲ್ ಹೋಗಿದ್ರೆ? ನಾನೂ ಬರ್ಲಾ?"

"ನೀನ್ಯಾಕೆ? ಬರೀ ಕೆಪಾಸಿಟರ್ ಇರತ್ತೆ. ಹತ್ತು ನಿಮಿಷದ ಕೆಲಸ. ಉಳಿದದ್ದೆಲ್ಲ ಭಾಷಣ."

ಅಮ್ಮ ಒಳಗೆ ಹೋಗಿ ಚೀಲ ತುಂಬಿದಳು. ಸುತ್ತುವ ಮಿಷಿನ್ನು, ಅಚ್ಚು, ತಂತಿಯ ಉರುಳೆ, ಕತ್ತರಿ. ಕೊನೆಗೆ ಒಂದು ಸಣ್ಣ ಡಬ್ಬಿ. ಪಿನ್ನಿ ಅದನ್ನು ಅಲ್ಲಾಡಿಸಿ ನೋಡಿದಳು. ಒಳಗೆ ಮೂರು ಗುಂಡಿ.

"ಇರ್ಲಿ," ಎಂದಳು ಅಮ್ಮ.

*

ಶುಕ್ರವಾರ ಅಪ್ಪ ಜೋರಾಗಿಯೇ ಶುರು ಮಾಡಿದ. ಏಣಿ ಹತ್ತಿ ಫ್ಯಾನ್ ಇಳಿಸಿದ. ರೆಕ್ಕೆ ಬಿಚ್ಚುತ್ತ ಒಂದು ಜೋಕ್ ಹೇಳಿದ, ಕೇಸು ಬಿಚ್ಚುತ್ತ ಇನ್ನೊಂದು ಹೇಳಿದ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಮಿಸ್ ಕೂಡ ನಕ್ಕರು.

ಕೇಸು ತೆರೆದಾಗ ಸುಟ್ಟ ವಾಸನೆ ಗಪ್ಪೆಂದು ಬಂತು. ಕಾಯಿಲುಗಳು ಕರಕಲಾಗಿದ್ದವು.

"ಕಾಯಿಲ್ ಹೋಗಿದೆ!" ಎಂದು ಮಕ್ಕಳೇ ಕೂಗಿದರು.

"ಹೌದು, ಹೌದು," ಎಂದ ಅಪ್ಪ. ಅವನ ದನಿ ಸ್ವಲ್ಪ ಇಳಿಯಿತು.

"ಹಾಗಾದ್ರೆ ಒಂದು ಕಾಯಿಲ್ ಇಲ್ಲೇ ಸುತ್ತಿ ತೋರಿಸ್ತೀರಾ?" ಎಂದರು ಮಿಸ್. "ಮಿಷಿನ್ ತಂದಿದೀರಲ್ಲ."

ಅಪ್ಪ ಪಿನ್ನಿಯ ಕಡೆ ನೋಡಿದ. ಪಿನ್ನಿ ಅಪ್ಪನ ಕಡೆ ನೋಡಿದಳು. ಅಪ್ಪ ಮಿಷಿನ್ನು ಮೇಜಿನ ಮೇಲಿಟ್ಟು ತಂತಿ ಕಟ್ಟಿ ಹಿಡಿ ತಿರುಗಿಸತೊಡಗಿದ.

"ಒಂದು, ಎರಡು, ಮೂರು..."

ನಲವತ್ತರ ತನಕ ಎಲ್ಲ ಚೆನ್ನಾಗಿತ್ತು. ಆಗ ಒಬ್ಬಳು ಕೇಳಿದಳು, "ಅಂಕಲ್, ಕರೆಂಟ್ ಹೊಡೆಯಲ್ವಾ?"

"ಇಲ್ಲಮ್ಮ, ಈಗ ಕರೆಂಟ್ ಎಲ್ಲಿದೆ? ಒಂದ್ಸಲ ನಂಗೆ ಹೊಡೆದಿತ್ತು, ಆ ಕತೆ ಕೇಳಿದ್ರೆ... ಎಷ್ಟಾಗಿತ್ತು?"

"ನಲವತ್ನಾಲ್ಕು!" "ಅಲ್ಲ, ನಲವತ್ತೇಳು!" "ಐವತ್ತು ಅಂಕಲ್!"

ಅಪ್ಪ ಬಿಚ್ಚಿ ಮತ್ತೆ ಶುರು ಮಾಡಿದ. ಈ ಸಲ ಎಪ್ಪತ್ತರ ಹತ್ತಿರ ರೇಡಿಯೊ ಎದ್ದು ನಿಂತ. "ಅಂಕಲ್, ಅರವತ್ತಾಯ್ತಾ?"

"ಅರವತ್ತೊಂದು, ಅರವತ್ತೆರಡು..." ಎಂದ ಅಪ್ಪ.

ಕ್ಲಾಸು ಗೊಳ್ಳೆಂದಿತು. ಮೂರನೇ ಸಲ ತಂತಿ ಗಂಟು ಬಿದ್ದು ಟಕ್ಕನೆ ತುಂಡಾಯಿತು.

"ಪಿನ್ನಿ ಅಪ್ಪಂಗೆ ಎಣ್ಸೋಕೇ ಬರಲ್ಲ!" ಎಂದ ರೇಡಿಯೊ. ಪಿಸುಗುಟ್ಟಿದೆ ಎಂದೇ ಅವನು ತಿಳಿದಿದ್ದ. ಆದರೆ ರೇಡಿಯೊ ಪಿಸುಗುಟ್ಟಿದರೆ ಕಾರಿಡಾರಿನ ಆ ತುದಿಗೂ ಕೇಳುತ್ತದೆ.

ಅಪ್ಪನ ಹಣೆಯ ಮೇಲೆ ಬೆವರು. ತುಂಡಾದ ತಂತಿಯನ್ನು ಎತ್ತಿ ತೋರಿಸಿದ. "ತಂತಿ ಸರಿಯಿಲ್ಲ ಮಿಸ್. ಕಳಪೆ ಮಾಲು. ಯಾರೋ ನೋಡದೆ ಹಾಕಿಬಿಟ್ಟಿದಾರೆ."

ಪಿನ್ನಿಗೆ ಯಾರೋ ಚಿವುಟಿದ ಹಾಗಾಯಿತು. ಆ ತಂತಿ ಆರಿಸಿದ್ದು ಅಮ್ಮ. ನಿನ್ನೆ ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ ಸವರಿ ನೋಡಿ, ಮೂರು ಉರುಳೆಗಳಲ್ಲಿ ಒಂದನ್ನು ಚೀಲಕ್ಕೆ ಹಾಕಿದ್ದಳು. ಪಿನ್ನಿ ಕಣ್ಣಾರೆ ನೋಡಿದ್ದಳು.

ಹೇಳಿದರೆ ಅಪ್ಪನ ಮಾನ ಹೋಗುತ್ತದೆ. ಹೇಳದಿದ್ದರೆ?

ಹೇಳದಿದ್ದರೆ ಅಮ್ಮನ ತಂತಿ ಕಳಪೆಯಾಗುತ್ತದೆ.

ಪಿನ್ನಿ ಎದ್ದು ನಿಂತಳು. "ಅಪ್ಪಾ, ತಂತಿ ಸರಿಯಾಗೇ ಇದೆ." ಆಮೇಲೆ ಮಿಸ್ ಕಡೆ ತಿರುಗಿದಳು. "ಮಿಸ್, ನಮ್ಮನೇಲಿ ಕಾಯಿಲ್ ಸುತ್ತೋದು ಅಮ್ಮ."

ಇಡೀ ಕ್ಲಾಸು ಪಿನ್ನಿಯ ಕಡೆ ತಿರುಗಿತು. ರೇಡಿಯೊ ಕೂಡ.

ಮಿಸ್ ಮೇಜಿನ ಖಾನೆಯಿಂದ ಫಾರಂ ತೆಗೆದರು. "ಆದ್ರೆ ಇಲ್ಲಿ ಮನೇಲಿರ್ತಾರೆ ಅಂತ ಬರೆದಿದೀಯಲ್ಲ?"

"ಮನೇಲೇ ಇರ್ತಾಳೆ ಮಿಸ್." ಪಿನ್ನಿ ಮಿಷಿನ್ನಿನ ಕಡೆ ಕೈ ತೋರಿಸಿದಳು. "ಮನೇಲಿದ್ದು ಇದನ್ನೇ ಮಾಡ್ತಾಳೆ. ಬೆಳಿಗ್ಗೆಯಿಂದ ಸಂಜೆ ತನಕ."

"ಮತ್ತೆ ನಮ್ಮ ಗಿರಣಿ ಮೋಟಾರು?" ಎಂದ ರೇಡಿಯೊ.

"ಅದೂ ಅಮ್ಮಾನೇ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಕೈಯಲ್ಲಿದ್ದ ತಂತಿಯನ್ನು ನೋಡಿದ, ನೆಲ ನೋಡಿದ, ಕಿವಿ ಕೆರೆದುಕೊಂಡ.

"ಹೌದು ಮಿಸ್," ಎಂದ ಅಪ್ಪ ಕೊನೆಗೆ. "ಬಿಚ್ಚೋನು ನಾನು, ಜೋಡಿಸೋನು ನಾನು. ಸುತ್ತೋಳು ಅವಳು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ಆಮೇಲೆ ತುಸು ನಕ್ಕ. "ತಂತಿ ಏನೂ ತಪ್ಪು ಮಾಡಿಲ್ಲ. ಪಿನ್ನೀ, ಓಡು. ಅಮ್ಮನ್ನ ಕರ್ಕೊಂಡು ಬಾ."

*

ಮನೆ ಎರಡು ಬೀದಿ ಆಚೆ. ಪಿನ್ನಿ ಓಡಿದ ವೇಗಕ್ಕೆ ಚಪ್ಪಲಿ ಒಂದು ಸಲ ಕಳಚಿ ಹಿಂದೆ ಬಿತ್ತು.

"ನಾನಾ? ಸ್ಕೂಲಿಗಾ? ಹೀಗೇನಾ?" ಅಮ್ಮ ತನ್ನ ಕೈ ನೋಡಿಕೊಂಡಳು. ಬೆರಳ ತುದಿಗಳೆಲ್ಲ ಕಾಯಿಲಿಗೆ ಹಚ್ಚುವ ವಾರ್ನಿಷ್ ಬಣ್ಣ. "ನಂಗೆ ನಿಮ್ಮಪ್ಪನ ಹಾಗೆ ಮಾತಾಡೋಕೆ ಬರಲ್ಲ ಕಣೇ."

"ಮಾತಾಡೋದೇ ಬೇಡಮ್ಮ. ಎಣ್ಸಿದ್ರೆ ಸಾಕು."

ಅಮ್ಮ ಮುಖ ತೊಳೆದಳು. ಕೂದಲು ಬಿಚ್ಚಿ ಮತ್ತೆ ಕಟ್ಟಿದಳು. ದಾರಿಯುದ್ದಕ್ಕೂ ಪಿನ್ನಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಶಾಲೆಯ ಗೇಟು ದಾಟುವಾಗ ಪಿನ್ನಿಯ ಬೆರಳುಗಳು ಜುಮ್ಮೆನ್ನುತ್ತಿದ್ದವು.

ಕ್ಲಾಸಿನಲ್ಲಿ ಅಪ್ಪ ಕುರ್ಚಿ ಸರಿಸಿಟ್ಟ. ಅಮ್ಮ ಕೂತಳು. ಮಕ್ಕಳ ಕಡೆ ನೋಡಲೇ ಇಲ್ಲ. ಡಬ್ಬಿ ತೆರೆದು ಮೂರು ಗುಂಡಿ ಪಕ್ಕಕ್ಕಿಟ್ಟಳು. ತಂತಿಯ ತುದಿಯನ್ನು ಅಚ್ಚಿಗೆ ಸಿಕ್ಕಿಸಿ ಹಿಡಿಯ ಮೇಲೆ ಕೈ ಇಟ್ಟಳು.

"ಯಾರೂ ಅಂಕಿ ಹೇಳ್ಬಾರ್ದು," ಎಂದಳು ಪಿನ್ನಿ ಕ್ಲಾಸಿಗೆ. "ಅದು ರೂಲ್ಸು."

ಹಿಡಿ ತಿರುಗಿತು. ಅಮ್ಮನ ಕೈ ತಿರುಗುತ್ತಿದೆಯೋ ಮಿಷಿನ್ನು ಅಮ್ಮನ ಕೈಯನ್ನು ತಿರುಗಿಸುತ್ತಿದೆಯೋ ಗೊತ್ತಾಗದ ಹಾಗೆ ತಿರುಗಿತು. ತಂತಿಯ ಎಳೆಗಳು ಒಂದರ ಪಕ್ಕ ಒಂದು, ಬಾಚಿದ ಕೂದಲಿನಂತೆ ಕೂತವು. ನಲವತ್ತು ಮಕ್ಕಳೂ ಉಸಿರು ಬಿಗಿಹಿಡಿದಿದ್ದರು. ರೇಡಿಯೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಟುಕೊಂಡಿದ್ದ.

ಒಂದು ಗುಂಡಿ. ಎರಡು ಗುಂಡಿ. ಮೂರನೇ ಗುಂಡಿ ಸರಿದಾಗ ಇಡೀ ಕ್ಲಾಸು ಬಾಯಿ ಬಿಡದೆ, ತುಟಿಯಲ್ಲೇ ಅಮ್ಮನ ಜೊತೆ ಎಣಿಸುತ್ತಿತ್ತು. ಮುನ್ನೂರ ಹದಿನೆಂಟು. ಮುನ್ನೂರ ಹತ್ತೊಂಬತ್ತು.

ಹಿಡಿ ನಿಂತಿತು. ಅಮ್ಮ ತಂತಿ ಕತ್ತರಿಸಿ, ಕಾಯಿಲನ್ನು ಅಚ್ಚಿನಿಂದ ಬಿಡಿಸಿ ಅಂಗೈ ಮೇಲಿಟ್ಟಳು. ಹೊಳೆಯುವ ಬಳೆಯಂತಿತ್ತು.

ಚಪ್ಪಾಳೆಗೆ ಪಕ್ಕದ ಕ್ಲಾಸಿನ ಸರ್ ಇಣುಕಿ ನೋಡಿದರು.

ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. "ಆಂಟಿ, ಉಗುರಿಗೆ ಹಚ್ಕೊಂಡಿರೋದು ಯಾವ ಕಲರ್?"

ಅಮ್ಮ ಕೈ ಹಿಂದಕ್ಕೆ ಸರಿಸಲು ಹೋದವಳು ಹಾಗೇ ಬಿಟ್ಟಳು. "ವಾರ್ನಿಷ್. ಹೋಗಲ್ಲ ಇದು."

"ಯಾರು ಕಲಿಸಿದ್ದು ಆಂಟಿ?"

"ಯಾರೂ ಇಲ್ಲ. ಸುಟ್ಟ ಕಾಯಿಲ್ ಬಿಚ್ಚಿ ಬಿಚ್ಚಿ, ಎಷ್ಟು ಸುತ್ತಿದೆ ಅಂತ ಎಣಿಸ್ತಾ ಕಲಿತೆ."

ರೇಡಿಯೊ ಇನ್ನು ತಡೆಯಲಾರದೆ ಕೈ ತೆಗೆದ. "ಆಂಟಿ, ಮಿಷಿನ್ ಪಕ್ಕ ಮೀಟರ್ ಇದೆಯಲ್ಲ, ಮತ್ತೆ ಬಾಯಲ್ಲಿ ಯಾಕೆ ಎಣಿಸ್ತೀರಾ?"

"ಅದು ಕೆಟ್ಟಿದೆ."

"ನಿಮ್ದು ರಿಪೇರಿ ಅಂಗಡಿ ಅಲ್ವಾ ಆಂಟಿ!"

ಕ್ಲಾಸು ಹೋ ಎಂದು ನಕ್ಕಿತು. ಅಮ್ಮನಿಗೂ ನಗು ಬಂತು.

"ಕೆಟ್ಟು ಎಷ್ಟು ದಿನ ಆಯ್ತು?" ಎಂದರು ಮಿಸ್.

ಅಮ್ಮ ಒಂದು ಕ್ಷಣ ಯೋಚಿಸಿದಳು. "ನಾಲ್ಕು ವರ್ಷ."

ಈ ಸಲ ಯಾರೂ ನಗಲಿಲ್ಲ. ಅಪ್ಪ ಮಾತ್ರ ಮೀಟರಿನ ಹತ್ತಿರ ಬಗ್ಗಿ, ಆ ಎಂಬತ್ತೇಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

ಮಿಸ್ ಫಾರಂ ಅನ್ನು ಪಿನ್ನಿಯ ಮುಂದಿಟ್ಟರು. ಪಿನ್ನಿ ರಬ್ಬರಿನಿಂದ ಎಷ್ಟು ಜೋರಾಗಿ ಉಜ್ಜಿದಳೆಂದರೆ ಅಲ್ಲಿ ಕಾಗದವೇ ಹರಿಯಿತು. ಹರಿದ ಜಾಗದ ಪಕ್ಕದಲ್ಲೇ ಬರೆದಳು: ಮೋಟಾರ್ ವೈಂಡಿಂಗ್.

*

ಶನಿವಾರ ಗಿರಣಿ ಮಾವ ಬಂದಾಗ ಅಪ್ಪನ ಮೇಜಿನ ಮೇಲೆ ಫ್ಯಾನಿರಲಿಲ್ಲ. ಸುತ್ತುವ ಮಿಷಿನ್ನಿನ ಮೀಟರು ಬಿಚ್ಚಿ ಹರಡಿತ್ತು. ಅಪ್ಪ ಭೂತಗನ್ನಡಿ ಹಿಡಿದು ಹಲ್ಲು ಸವೆದ ಸಣ್ಣ ಚಕ್ರವೊಂದನ್ನು ನೋಡುತ್ತಿದ್ದ.

"ಮೇಸ್ತ್ರೀ, ನಂದು ಅರ್ಜೆಂಟು."

"ಕೂತ್ಕೊಳ್ಳಿ. ನಿಮ್ಮದಕ್ಕಿಂತ ಮುಂಚೆ ಬಂದ ರಿಪೇರಿ ಇದು."

"ಯಾವಾಗ ಬಂದದ್ದು?"

"ನಾಲ್ಕು ವರ್ಷದ ಹಿಂದೆ."

ಗಿರಣಿ ಮಾವನಿಗೆ ಮಗ ಎಲ್ಲ ಹೇಳಿದ್ದನೆಂದು ಕಾಣುತ್ತದೆ. ಅವರು ಸ್ಟೂಲಿನಿಂದ ಎದ್ದು, ಪರದೆಯ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಆ ಮೋಟಾರು ಇನ್ನೂ ಕಲ್ಲಿನ ಹಾಗಿದೆ."

"ಗೊತ್ತು," ಎಂದಳು ಅಮ್ಮ ಒಳಗಿನಿಂದ. "ನಾನೇ ಅಲ್ವಾ ಸುತ್ತಿದ್ದು."

ಉಳಿದ ಹನ್ನೊಂದು ಕಾಯಿಲನ್ನೂ ಅಮ್ಮ ಸುತ್ತಿಕೊಟ್ಟಳು. ಸೋಮವಾರ ಕ್ಲಾಸಿನ ಫ್ಯಾನು ತಿರುಗಿತು. ರೇಡಿಯೊನ ನೋಟ್‌ಬುಕ್ಕಿನ ಹಾಳೆಗಳು ಪಟಪಟನೆ ಹಾರಿದವು. ಈಗ ಹಾಳೆ ಹಾರುತ್ತದೆಂದು ಅವನು ಇಡೀ ದಿನ ಗೊಣಗಿದ.

ಸಂಜೆ ಪಿನ್ನಿ ಮನೆಗೆ ಬಂದಾಗ ಒಳಕೋಣೆಯಲ್ಲಿ ಯಾರೋ ಗಲಗಲ ಮಾತಾಡುತ್ತಿದ್ದರು. ನಡುನಡುವೆ ನಗು. ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಅವಳು ಮೆಲ್ಲಗೆ ಪರದೆ ಸರಿಸಿದಳು.

ನೆಂಟರು ಯಾರೂ ಇರಲಿಲ್ಲ. ಅಪ್ಪ ಗೋಡೆಗೆ ಒರಗಿ ನಗುತ್ತಿದ್ದ. ಅಮ್ಮ ಹಿಡಿ ತಿರುಗಿಸುತ್ತಿದ್ದಳು, ಮಾತಾಡುತ್ತಿದ್ದಳು. ಮೀಟರು ಟಿಕ್ ಟಿಕ್ ಎನ್ನುತ್ತ ತಾನೇ ಎಣಿಸಿಕೊಳ್ಳುತ್ತಿತ್ತು.

"...ಆಗ ನಮ್ಮಕ್ಕ ಮರದಿಂದ ಇಳಿಯೋಕೆ ಆಗದೆ ಅಲ್ಲೇ ಊಟ ತರಿಸ್ಕೊಂಡ್ಲು!" ಅಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಬಂದ್ಯಾ ಪಿನ್ನಿ? ಬಾ ಕೂತ್ಕೋ. ಫ್ಯಾನ್ ತಿರುಗ್ತಾ? ಆ ಬಾಯಿಬಡುಕ ಏನಂದ? ಎಲ್ಲ ಹೇಳು."

ಅಪ್ಪ ಎದ್ದು ಅಂಗಡಿಗೆ ಹೋದ. ಪಿನ್ನಿ ಹೊಸ್ತಿಲ ಮೇಲೆ ಕೂತಳು. ಹೇಳಬೇಕಾದದ್ದು ಬಹಳ ಇತ್ತು. ಆದರೆ ಅವಳು ಸುಮ್ಮನೆ ಅಮ್ಮನನ್ನು ನೋಡುತ್ತಿದ್ದಳು. ದೊಡ್ಡಮ್ಮ ಮರ ಹತ್ತಿದ ಕತೆ ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮ ನಗುವಾಗ ಮೂಗಿನ ಪಕ್ಕ ಗೆರೆ ಮೂಡುವುದೂ ಗೊತ್ತಿರಲಿಲ್ಲ.

ಕಿಟಕಿಯ ಮೇಲೆ ಡಬ್ಬಿ ಇತ್ತು.

"ಅಮ್ಮಾ, ಈ ಗುಂಡಿ ಇನ್ನು ಬೇಡ್ವಾ?"

"ಬೇಡ. ನೀನೇ ಇಟ್ಕೋ."

ಪಿನ್ನಿ ಮೂರು ಗುಂಡಿಗಳನ್ನು ಅಂಗೈಗೆ ಸುರಿದುಕೊಂಡಳು. ಒಂದು ಗುಂಡಿಗೆ ನೂರು ಸುತ್ತು. ಒಂದು ಫ್ಯಾನಿಗೆ ಹನ್ನೆರಡು ಕಾಯಿಲು. ನಾಲ್ಕು ವರ್ಷದಲ್ಲಿ ಎಷ್ಟು ಫ್ಯಾನು? ಅಷ್ಟು ಸುತ್ತಿನಲ್ಲಿ ಅಮ್ಮ ಎಷ್ಟೊಂದು ಕತೆ ಹೇಳಬಹುದಿತ್ತು? ಲೆಕ್ಕ ಹಾಕಲು ಹೋದಳು. ಆಗಲಿಲ್ಲ. ಗುಂಡಿಗಳನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಆಮೇಲೆ ಪುಸ್ತಕ ತೆರೆದಳು. ಅಮ್ಮನ ಕೈ ಹಿಡಿಯ ಮೇಲೇ ಇತ್ತು. ಪಿನ್ನಿ ಒಮ್ಮೆ ಮೀಟರನ್ನು ನೋಡಿ, ಗಟ್ಟಿಯಾಗಿ ಉಸಿರೆಳೆದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದಳು.

"ಏಳೊಂದ್ಲ ಏಳು! ಏಳೆರಡ್ಲ ಹದಿನಾಲ್ಕು!"

"ಏಳ್ಮೂರ್ಲ ಇಪ್ಪತ್ತೊಂದು," ಎಂದಳು ಅಮ್ಮ, ಹಿಡಿ ತಿರುಗಿಸುತ್ತ.